ಕಡಲಿಗೆ ಹೊಲಿದ ಬಲೆ

"ಬಲೆಗಳನ್ನ ಹುಡುಗರ ಕೈಗೆ ಕೊಡಮ್ಮ. ಅವರು ತಗೊಂಡು ಹೋಗ್ತಾರೆ," ಎಂದು ಮುಖ್ಯೋಪಾಧ್ಯಾಯ ವೆಂಕಟಸ್ವಾಮಿ ಕೈ ಚಾಚಿದರು. ಹತ್ತನೇ ತರಗತಿಯ ಕುಸುಮಾ ಮೂರೂ ಬಲೆಗಳನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಕೊಡಲ್ಲ ಸಾರ್."

ತರಗತಿಯ ಹಿಂದಿನ ಬೆಂಚಿನವರು ಕತ್ತು ಚಾಚಿ ನೋಡಿದರು. ಬೆಂಗಳೂರಿನ ಉಲ್ಲಾಳದ ಆ ಶಾಲೆಯಲ್ಲಿ ವೆಂಕಟಸ್ವಾಮಿಯವರಿಗೆ ಅಂಥ ಮಾತು ಹೇಳಿದವರೇ ಇರಲಿಲ್ಲ.

ಬಲೆಯ ಕೆಲಸ ಶುರುವಾದದ್ದು ತಿಂಗಳ ಹಿಂದೆ. ಮಲ್ಪೆಗೆ ಶೈಕ್ಷಣಿಕ ಪ್ರವಾಸವೆಂದು ಗೊತ್ತಾದಾಗ ವಿಜ್ಞಾನದ ಟೀಚರ್ ಗುರುದೇವಿ, ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ತೇಲುತ್ತಿರುತ್ತವೆ, ಅವಕ್ಕೆ ಪ್ಲಾಂಕ್ಟನ್ ಎನ್ನುತ್ತಾರೆ, ನಾವೇ ಬಲೆ ಮಾಡಿಕೊಂಡು ಹೋದರೆ ಹಿಡಿಯಬಹುದು ಎಂದಿದ್ದರು. ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಸ್ಕ್ರೀನ್ ಪ್ರಿಂಟಿಂಗಿಗೆ ಬಳಸುವ ನಯವಾದ ಜಾಲರಿ ಬಟ್ಟೆಯನ್ನೂ ತಂದಿದ್ದರು. ಹುಡುಗರು ಎರಡು ದಿನ ಕತ್ತರಿ ಆಡಿಸಿ ಕ್ರಿಕೆಟ್ಟಿಗೆ ಹೋದರು. ಉಳಿದದ್ದು ಎಂಟು ಹುಡುಗಿಯರು. ಬಟ್ಟೆಯನ್ನು ಆಲಿಕೆಯಂತೆ ಹೊಲಿದು, ಅಗಲ ಬಾಯಿಗೆ ತಂತಿಯ ಬಳೆ, ಚೂಪು ತುದಿಗೆ ನೀರಿನ ಬಾಟಲಿ ಕಟ್ಟಿದರು. ಹೊಲಿಗೆ ಒಂದಿಷ್ಟು ಸಡಿಲವಾದರೂ ಜೀವಿಗಳು ತಪ್ಪಿಸಿಕೊಳ್ಳುತ್ತವೆಂದು ಕುಸುಮಾ ಎರಡು ಸಲ ಬಿಚ್ಚಿ ಮತ್ತೆ ಹೊಲಿದಿದ್ದಳು. ಬಕೆಟ್ಟಿನಲ್ಲಿ ಅದ್ದಿ ನೋಡಿ ಮೂರನ್ನು ಸರಿ ಎಂದು ಒಪ್ಪಿದ ಮೇಲೆ, ನಿನ್ನೆ ನೋಟೀಸು ಬಂದಿತ್ತು: ಪ್ರವಾಸ ಗಂಡುಮಕ್ಕಳಿಗೆ ಮಾತ್ರ.

"ಹೊಲಿದವರು ನಾವು ಸಾರ್," ಎಂದಳು ಕುಸುಮಾ. "ನಾವು ಬರಲ್ಲ ಅಂದ್ರೆ ಇವೂ ಬರಲ್ಲ."

"ನಾಳೆ ಮನೆಯವರನ್ನ ಕರ್ಕೊಂಡು ಬಾ. ಆಮೇಲೆ ಕ್ಲಾಸು."

ತರಗತಿಯ ಮೂಲೆಯಲ್ಲಿ ಕೂತಿದ್ದ ಗುರುದೇವಿ ಎದ್ದು ನಿಂತರು. ಗದಗದ ಕಡೆಯವರಾದ ಅವರು ಶಾಲೆಗೆ ಸೇರಿ ವರ್ಷವೂ ಆಗಿರಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಈ ಹುಡುಗ್ಯಾರು ಬರೂದಿಲ್ಲಂದ್ರ ನಾನೂ ಬರೂದಿಲ್ರೀ ಸರ್. ನನ್ನ ಹೆಸರೂ ತಗೀರಿ."

ಮರುದಿನ ಬಂದವರು ಕುಸುಮಾಳ ಅಜ್ಜಿ ಪಾಪಮ್ಮ. ಬಲೆ ಕೊಟ್ಟು ತಪ್ಪಾಯ್ತು ಅಂತ ಹೇಳಿ ಬಾ ಎಂದು ರಾತ್ರಿಯೆಲ್ಲ ಕುಸುಮಾಳನ್ನು ಬೈದಿದ್ದ ಅವಳ ತಾಯಿಯನ್ನು ಅಜ್ಜಿಯೇ ಮನೆಯಲ್ಲಿ ಕೂರಿಸಿ ಬಂದಿದ್ದರು. ವೆಂಕಟಸ್ವಾಮಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನ್ ಸಾಮಿ, ನನ್ ಮೊಮ್ಮಗ್ಳು ಏನ್ ಕದ್ಲು?"

"ಕದ್ದಿಲ್ಲ ಅಜ್ಜಿ, ಎದುರು ಮಾತಾಡ್ತಾಳೆ. ಅದು ಸಮುದ್ರ. ಹೆಣ್ಮಕ್ಕಳಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ಗಂಡುಡುಗ್ರು ಅಂತ ಸಮುದ್ರ ಬಿಟ್ಬುಡ್ತದಾ?"

ವೆಂಕಟಸ್ವಾಮಿ ಪೇಪರ್‌ವೇಟನ್ನು ಸುಮ್ಮನೆ ತಿರುಗಿಸಿದರು. ಹಿಂದೆ ಕೆಲಸ ಮಾಡಿದ್ದ ಶಾಲೆಯಲ್ಲಿ ಪ್ರವಾಸಕ್ಕೆ ಹೋದ ಹುಡುಗಿಯೊಬ್ಬಳು ಹೊಳೆಯಲ್ಲಿ ಜಾರಿದ್ದಳು. ಬದುಕಿದಳು. ಆದರೆ ಅವಳ ತಂದೆ ಎಲ್ಲರ ಮುಂದೆ ಅವರ ಕೊರಳಪಟ್ಟಿ ಹಿಡಿದಿದ್ದ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ನೋಡ್ಕೊಳ್ಳೋಕೆ ಹೆಂಗಸರು ಬೇಕಲ್ಲ ಅಜ್ಜಿ. ಟೀಚರ್ ಒಬ್ರೇ."

"ನಾನ್ ಬತ್ತೀನಿ. ಇನ್ನೂ ಬೇಕಾ, ಬೀದಿಯಿಂದ ನಾಕ್ ಜನ ಕರ್ಕೊಂಡ್ ಬತ್ತೀನಿ. ಎಲ್ಲಿ ರುಜು ಹಾಕ್ಬೇಕೋ ತೋರ್ಸಿ." ಬಾಗಿಲಾಚೆ ನಿಂತಿದ್ದ ಎಂಟೂ ಹುಡುಗಿಯರು ಒಳಗೆ ಬಂದು ಅಜ್ಜಿಯ ಹಿಂದೆ ಸಾಲಾಗಿ ನಿಂತರು. ಮಧ್ಯಾಹ್ನದ ಗಂಟೆ ಹೊಡೆದರೂ ಒಬ್ಬರೂ ಕದಲಲಿಲ್ಲ. ಕೊನೆಗೆ ವೆಂಕಟಸ್ವಾಮಿ ಡ್ರಾಯರ್ ಎಳೆದು ಒಪ್ಪಿಗೆಪತ್ರಗಳನ್ನು ಮೇಜಿನ ಮೇಲೆ ಹಾಕಿದರು.

ಮಲ್ಪೆಯಲ್ಲಿ ಬೆಳಗಿನ ಬಿಸಿಲು ಚುರುಗುಟ್ಟುವ ಮೊದಲೇ ದೋಣಿ ಹೊರಟಿತು. "ಇದರಲ್ಲಿ ಒಂದು ಬೂತಾಯಿ ಮೀನೂ ಸಿಕ್ಕುದಿಲ್ಲ ಮಾರಾಯ್ರೆ," ಎಂದು ದೋಣಿಯವನು ನಕ್ಕ. ಕುಸುಮಾ ಬಲೆಯನ್ನು ನೀರಿಗಿಳಿಸಿ ಹಗ್ಗ ಸಡಿಲ ಬಿಟ್ಟಳು. ಬಲೆ ಬಾಯಿ ತೆರೆದು ನೀರಿನೊಳಗೆ ನೆಟ್ಟಗೆ ಹಿಂಬಾಲಿಸಿತು. ಹಗ್ಗ ಅವಳ ಅಂಗೈಯನ್ನು ಕೆಂಪಗೆ ಮಾಡಿತು. ಮೇಲೆಳೆದಾಗ ಬಾಟಲಿಯಲ್ಲಿದ್ದದ್ದು ತುಸು ಮಬ್ಬು ನೀರು ಮಾತ್ರ. ಹುಡುಗರಲ್ಲೊಬ್ಬ "ಅಷ್ಟೇನಾ?" ಎಂದ.

ದಡದಲ್ಲಿ ಗುರುದೇವಿ ಮರಳಿನ ಮೇಲೊಂದು ಹಲಗೆ ಹಾಕಿ ಮೈಕ್ರೋಸ್ಕೋಪ್ ಇಟ್ಟು, ಒಂದು ಹನಿ ಬಿಟ್ಟರು. ಕುಸುಮಾ ಬಗ್ಗಿ ಕಣ್ಣಿಟ್ಟಳು. ಗಾಜಿನಂಥ ಮೈ, ಕೂದಲೆಳೆಯ ಕಾಲು, ಮೈಯೊಳಗೆ ಮಿಡಿಯುವ ಒಂದು ಚುಕ್ಕೆ. ಅದು ಚಂಗನೆ ಜಿಗಿಯಿತು. ಪಕ್ಕದಲ್ಲಿ ಇನ್ನೊಂದು. ಬಗ್ಗಿದವಳು ಏಳಲೇ ಇಲ್ಲ.

"ಎಲ್ಲಿ, ಸ್ವಲ್ಪ ಪಕ್ಕಕ್ಕೆ ಸರಿ, ನಾನು ನೋಡ್ತೀನಿ," ಎಂದು ವೆಂಕಟಸ್ವಾಮಿ ಮುಂದೆ ಬಂದರು.

ಕುಸುಮಾ ಕಣ್ಣು ತೆಗೆಯಲಿಲ್ಲ. "ಲೈನಲ್ಲಿ ಬನ್ನಿ ಸಾರ್."

ವೆಂಕಟಸ್ವಾಮಿ ಸುತ್ತ ನೋಡಿದರು. ಗುರುದೇವಿ ಎರಡನೆಯ ಬಾಟಲಿ ಬಿಚ್ಚುವುದರಲ್ಲಿ ಮುಳುಗಿದ್ದರು. ಹುಡುಗಿಯರ ಹಿಂದೆ ಹುಡುಗರು, ಅವರ ಹಿಂದೆ ಸೀರೆ ಎತ್ತಿ ಕಟ್ಟಿದ ಪಾಪಮ್ಮ. ಅವರು ನಿಧಾನವಾಗಿ ನಡೆದು ಹೋಗಿ ಪಾಪಮ್ಮನ ಹಿಂದೆ ನಿಂತರು. ಅಲೆಯೊಂದು ಬಂದು ಅವರ ಪ್ಯಾಂಟಿನ ಅಂಚು ನೆನೆಸಿ ಹಿಂದೆ ಸರಿಯಿತು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.