ಲೆನ್ಸಿನ ಮೇಲಿನ ಹೆಬ್ಬೆರಳು

ಒಂದು ತಿಂಗಳಲ್ಲಿ ಎರಡು ಲೆನ್ಸ್ ಒಡೆದವು. ಎರಡೂ ಸೋಮವಾರವೇ, ಕೆಲಸ ಶುರುವಾಗಿ ಒಂದು ಗಂಟೆಯೊಳಗೆ. ನೊಯೆಮಿಗೆ ತಲೆಬುಡ ತಿಳಿಯಲಿಲ್ಲ.

ಲಿಯೋನ್ ಊರಿನ ಒಂದು ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಲೇಸರ್ ಯಂತ್ರವನ್ನು ನೋಡಿಕೊಳ್ಳುವವಳು ಅವಳೊಬ್ಬಳೇ. ಪ್ರತಿ ಶನಿವಾರ ಮಧ್ಯಾಹ್ನ ಲೇಸರ್ ತಲೆಯ ಕೊಳವೆಯನ್ನು ತಿರುಗಿಸಿ ಬಿಚ್ಚುತ್ತಿದ್ದಳು. ಕೋಟಿನ ಗುಂಡಿಯಷ್ಟಿದ್ದ ಲೆನ್ಸನ್ನು ಹತ್ತಿಯಿಂದ, ಶುದ್ಧ ಆಲ್ಕೋಹಾಲಿನಲ್ಲಿ ಒರೆಸಿ, ಉಬ್ಬಿದ ಮುಖ ಮೇಲೆ ಬರುವಂತೆ ಕೂರಿಸಿ ಮನೆಗೆ ಹೋಗುತ್ತಿದ್ದಳು. ಎರಡನೆಯದು ಒಡೆದ ಮೇಲೆ ಯಂತ್ರದೊಳಗಿನ ಕನ್ನಡಿಗಳನ್ನು ನೋಡಿದಳು. ಕಿರಣ ನೇರವಾಗಿದೆಯೇ ಎಂದು ಲೇಸರ್ ತಲೆಯ ತೂತಿಗೆ ಟೇಪು ಅಂಟಿಸಿ ಒಂದು ಕಿಡಿ ಬಿಟ್ಟಳು; ಸುಟ್ಟ ಗುರುತು ನಟ್ಟನಡುವೆಯೇ ಬಿತ್ತು. ಗಾಳಿಯ ಪೈಪು, ನೀರಿನ ಪಂಪು, ಎಲ್ಲವೂ ಸರಿ. ಹಾಗಾದರೆ ಏನು?

ಒಡತಿ ದೋನ್ಯಾ ಆಂಪಾರೋ ಕೂಗಾಡುವವಳಲ್ಲ. ಇನ್ನೊಂದು ಒಡೆದರೆ ಯಂತ್ರ ತನ್ನ ತಂಗಿಯ ಮಗನಿಗೆ, ನೊಯೆಮಿ ಮತ್ತೆ ಗೋಂದಿನ ಮೇಜಿಗೆ ಎಂದಷ್ಟೇ ಹೇಳಿದಳು. ಗೋಂದಿನ ಮೇಜಿನಲ್ಲಿ ನೊಯೆಮಿ ಎರಡು ವರ್ಷ ಕೂತಿದ್ದಳು. ಗೋಂದಿನ ಘಾಟಿಗೆ ದಿನವೂ ತಲೆನೋವು, ವಾರಕ್ಕೊಮ್ಮೆ ವಾಂತಿ, ಬಾಯಿಗಿಟ್ಟ ರೊಟ್ಟಿಗೂ ಅದೇ ವಾಸನೆ. ಅಲ್ಲಿಗೆ ಮತ್ತೆ ಹೋಗುವುದು ಅವಳಿಂದಾಗದು.

ಮುಂದಿನ ಸೋಮವಾರ ಅವಳು ಸ್ವಿಚ್ಚು ಹಾಕಲಿಲ್ಲ. ಮೊದಲು ಕೊಳವೆ ಬಿಚ್ಚಿದಳು. ಶನಿವಾರ ತಾನೇ ಒರೆಸಿಟ್ಟ ಲೆನ್ಸಿನ ಮೇಲೆ ಎಣ್ಣೆಯ ತೆಳು ಪೊರೆಯಿತ್ತು, ಅಂಚಿನಲ್ಲಿ ಒಂದು ಹೆಬ್ಬೆರಳ ಗುರುತು. ಗುರುತನ್ನು ಅಡ್ಡಡ್ಡ ಸೀಳಿದಂತೆ ಒಂದು ಗೆರೆ. ಮೂಸಿದಳು. ದನದ ಕೊಬ್ಬು, ಜೇನುಮೇಣ.

ಆ ವಾಸನೆ ಇಡೀ ಕಾರ್ಖಾನೆಗೆ ಗೊತ್ತು. ಕಿಟಕಿಯ ಬಳಿ ಕೂತು ಈಗಲೂ ಕೈಚಾಕುವಿನಲ್ಲಿ ಚರ್ಮ ಕತ್ತರಿಸುವ ಮುದುಕ ದೋನ್ ಕಾಸಿಮಿರೋನ ಡಬ್ಬಿಯದು. ಶನಿವಾರ ಎಲ್ಲರೂ ಹೋದ ಮೇಲೆ ಉಳಿದಿರುವ ಕತ್ತರಿಗಾರರೆಲ್ಲರ ಚಾಕುಗಳಿಗೂ ಕೊಬ್ಬು ಸವರಿ, ಬೀಗ ಹಾಕಿ ಹೋಗುವವನು ಅವನೇ. ಯಂತ್ರ ಬಂದ ಮೇಲೆ ಅವನ ಜೊತೆಗಿದ್ದ ಮೂವರು ಕತ್ತರಿಗಾರರು ಕೆಲಸ ಕಳೆದುಕೊಂಡಿದ್ದರು.

ನೊಯೆಮಿ ಲೆನ್ಸನ್ನು ಅಂಗೈಯಲ್ಲಿಟ್ಟುಕೊಂಡು ಅವನ ಮುಂದೆ ನಿಂತಳು.

"ಮೇಸ್ತ್ರಿ, ಇದನ್ನ ನೀವು ಮುಟ್ಟಿದ್ರಾ?"

"ಹೂಂ, ಮುಟ್ಟಿದೆ." ಅವನು ತಲೆ ಎತ್ತಲಿಲ್ಲ. "ಒರೆಸಿ ಒಣಗಿದ್ದು ಒಣಗಿದ ಹಾಗೇ ಬಿಟ್ಟು ಹೋಗ್ತೀಯಲ್ಲ ಹುಡುಗಿ. ಭಾನುವಾರ ಪೂರ್ತಿ ಹಾಗೇ ಬಿದ್ದಿದ್ರೆ ತುಕ್ಕು ಹಿಡಿಯಲ್ವಾ?"

"ಇದು ಗಾಜಿನ ಹಾಗೆ, ತುಕ್ಕು ಹಿಡಿಯಲ್ಲ. ಕೊಬ್ಬು ಅದರ ಮೇಲೇ ಸುಟ್ಟು ಲೆನ್ಸ್ ಒಡೆಯುತ್ತೆ. ಎರಡು ಹೋದದ್ದು ಹೀಗೇ."

ಅವನ ಚಾಕು ನಿಂತಿತು. "ಹರಿತವಾದದ್ದಕ್ಕೆಲ್ಲ ಸವರೋದು ನಮ್ಮ ಪದ್ಧತಿ. ನೀನೂ ಕತ್ತರಿಗಾರಳೇ ಅಲ್ವಾ? ಒಂದು ತಿಂಗಳಿಂದ ನೆನಪಾದಾಗೆಲ್ಲ ನಿನ್ನದಕ್ಕೂ ಸವರ್ತಿದೀನಿ."

ಕತ್ತರಿಗಾರಳು. ಎರಡು ವರ್ಷದಿಂದ ಅವಳನ್ನು 'ಗುಂಡಿ ಒತ್ತೋಳು' ಎಂದು ಕರೆಯುತ್ತಿದ್ದವನು ಇವನೇ. ಸುಳ್ಳೇ? ಅವನ ಮುಖ ನೋಡಿದಳು. ಮೇಜಿನ ಮೇಲಿದ್ದ ಚರ್ಮದಂತೆ ಅದರಲ್ಲೂ ಏನೂ ಓದಲು ಸಿಗಲಿಲ್ಲ.

ಅಷ್ಟರಲ್ಲಿ ದೋನ್ಯಾ ಆಂಪಾರೋ ಬಂದು, ಯಂತ್ರ ಯಾಕೆ ಶುರುವಾಗಿಲ್ಲ, ಕಾರಣ ಸಿಕ್ಕಿತೇ ಎಂದು ಕೇಳಿದಳು. ಮುದುಕ ಹಳೆಯ ಗಾಯದ ಅಡ್ಡ ಗೆರೆಯಿದ್ದ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. ಹೆಸರು ಹೇಳಿದರೆ ಅವನು ಇವತ್ತೇ ಮನೆಗೆ. ಅವನು ಬೇಕೆಂದೇ ಮಾಡಿದ್ದರೆ ಹೋಗಬೇಕಾದವನೇ. ಅಲ್ಲದಿದ್ದರೆ?

"ಕೊಬ್ಬಿನ ಜಿಡ್ಡು," ಎಂದಳು ನೊಯೆಮಿ. "ಚರ್ಮದ ಹೊಗೆಯಿಂದ ಕೂತಿರಬೇಕು. ಇನ್ನು ಮೇಲೆ ಬೆಳಿಗ್ಗೆಯೂ ಒರೆಸ್ತೀನಿ."

ಒರೆಸಿ ಕೂರಿಸಿದಳು. ಯಂತ್ರ ದಿನವಿಡೀ ಕತ್ತರಿಸಿತು, ಚರ್ಮದ ಅಂಚು ಕಪ್ಪಾಗಲಿಲ್ಲ. ಲೆನ್ಸ್ ಒಡೆಯಲಿಲ್ಲ.

ಶನಿವಾರ ಅವಳು ಲೆನ್ಸನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಯಂತ್ರದ ಹಲಗೆ ಕೆರೆಯುವ ತನ್ನ ಉಕ್ಕಿನ ಪಟ್ಟಿಯನ್ನು ಮುದುಕನ ಚಾಕುಗಳ ಸಾಲಿನಲ್ಲಿಟ್ಟು, ಇದಕ್ಕೆ ಸವರಿ ಎಂದಳು. ಅವನು ಒಳ್ಳೆಯದು ಎಂಬಂತೆ ತಲೆಯಾಡಿಸಿದ.

ಸೋಮವಾರ ಪಟ್ಟಿ ಹೊಳೆಯುತ್ತಿತ್ತು. ಕಟ್ಟಿಗೆಯ ಹಿಡಿಗೂ ಮೇಣ ತಿಕ್ಕಿದ್ದ. ಅವಳಿಗೆ ಸಮಾಧಾನವಾಯಿತು. ಲೆನ್ಸ್ ಕೂರಿಸಲೆಂದು ಕೊಳವೆಗೆ ಕೈ ಹಾಕಿದಾಗ ಬೆರಳು ಜಾರಿತು. ಕೊಳವೆಯ ತಿರುಪಿನ ಸುರುಳಿಗೆಲ್ಲ ಕೊಬ್ಬು ಅಂಟಿತ್ತು. ಅಷ್ಟು ಬಿಡಿಸಿ ಹೇಳಿದ ಮೇಲೂ ಅವನು ಕೊಳವೆ ಬಿಚ್ಚಿ ಲೆನ್ಸಿಗಾಗಿ ನೋಡಿದ್ದ.

ಕಿಟಕಿಯ ಕಡೆಯಿಂದ ಚಾಕುವಿನ ಸದ್ದು ಎಂದಿನಂತೆ ಬರುತ್ತಿತ್ತು. ನೊಯೆಮಿ ಸುರುಳಿಯನ್ನು ಹತ್ತಿಯಿಂದ ಮೂರು ಸಲ ಒರೆಸಿದಳು, ಕೈ ತೊಳೆದಳು, ಚೀಲದಿಂದ ಲೆನ್ಸ್ ತೆಗೆದಳು. ಇನ್ನು ಪ್ರತಿ ಶನಿವಾರ ಇದು ತನ್ನ ಜೊತೆಯೇ ಮನೆಗೆ ಎಂಬುದೊಂದು ಮಾತ್ರ ಅವಳಿಗೆ ಖಚಿತವಿತ್ತು.