ಐವತ್ತು ನಿಮಿಷದ ದೂರ

ರೆಕ್ಕೆಯ ಕೆಳಗೆ ಸಮುದ್ರ ಬೂದಿ ಬಣ್ಣಕ್ಕಿದೆ, ಒಂದು ದೋಣಿಯೂ ಇಲ್ಲ, ಪಕ್ಕದ ಸೀಟಿನ ಮುದುಕ ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡು ಕೂತಿದ್ದಾನೆ, ಮೇದಾನ್‌ನಿಂದ ಪೆನಾಂಗಿಗೆ ಹೋಗುವ ವಿಮಾನದಲ್ಲಿ ಅರ್ಧಕ್ಕರ್ಧ ರೋಗಿಗಳು, ಉಳಿದವರು ಅವರ ಕೈ ಹಿಡಿದವರು, ನಾನೊಬ್ಬಳೇ ಒಂಟಿ — ಕಾಲ ಬುಡದಲ್ಲಿ ಮೀನಿನ ಡಬ್ಬಿ, ಅರಿಶಿನ ಹಾಕಿ ನೀರಾರುವವರೆಗೆ ಬೇಯಿಸಿದ್ದು, ನಾಲಿಗೆ ಜುಮ್ಮೆನ್ನುವ ನಮ್ಮ ಕಾಡುಮೆಣಸಿನದು, ಸೊರ್ತಾ ಅಕ್ಕಾ, ಅದನ್ನ ತಿನ್ಬೇಕು ಅನ್ಸ್ತಿದೆ ಅಂತ ನನಗೆ ಫೋನಿನಲ್ಲಿ ಅಂದಿದ್ದಳು ಲಾಮ್ರಿಯಾ, ನನ್ನ ತಂಗಿ, ನಾಲ್ಕು ದಿನದ ಹಿಂದೆ, ಆಸ್ಪತ್ರೆಯ ಹಾಸಿಗೆಯಿಂದ. ಹನ್ನೊಂದು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೂ ಕರೆಯುತ್ತಾಳೆ, ಒಂದ್ಸಲ ಬಂದು ಹೋಗೇ, ನಾನು ದೂರ ಕಣೇ ಅನ್ನುತ್ತೇನೆ, ದೂರ ಏನೇ, ಇನ್ನೂರೈವತ್ತು ಕಿಲೋಮೀಟರು, ಐವತ್ತು ನಿಮಿಷ, ಒಲೆ ಮೇಲೆ ಅಕ್ಕಿ ಇಟ್ಟು ಹೊರಟ್ರೆ ಅನ್ನ ಸೀಯೋದ್ರೊಳಗೆ ಇಲ್ಲಿರ್ತೀಯ, ನಗುತ್ತಾಳೆ, ನಾನು ನಗುವುದಿಲ್ಲ, ಶಾಲೆಗೆ ರಜೆ ಇಲ್ಲ ಅನ್ನುತ್ತೇನೆ, ಕ್ರಿಸ್‌ಮಸ್ ದಿನ. ಒಂದೇ ಕುಲದ ಪಾರ್ಲಿನ್‌ನನ್ನು ಕಟ್ಟಿಕೊಂಡಳು, ಕುಲ ಒಂದಾದ ಮೇಲೆ ಅಣ್ಣ ತಂಗಿಯೇ, ನಮ್ಮ ಬತಾಕ್ ಜನರಲ್ಲಿ ಯಾರು ಒಪ್ಪುತ್ತಾರೆ, ಅಪ್ಪ ಬಾಗಿಲಲ್ಲಿ ನಿಂತು ಇನ್ಮೇಲೆ ಈ ಮನೇಲಿ ಅವಳ ಹೆಸ್ರು ಎತ್ಬೇಡಿ ಅಂದ, ಅವಳು ನನ್ನ ಕಡೆ ತಿರುಗಿದಳು, ನೀನಾದ್ರೂ ಒಂದು ಮಾತು ಹೇಳಕ್ಕಾ, ನಾನು ನೆಲ ನೋಡುತ್ತಿದ್ದೆ, ಇಬ್ಬರೂ ಮೇದಾನ್ ಬಿಟ್ಟು ಕಡಲು ದಾಟಿದರು. ಅಪ್ಪ ಸತ್ತು ಏಳು ವರ್ಷ, ಆಮೇಲೆ ನಾನು ಹೆದರಿದ್ದು ಯಾರಿಗೆ, ಅವನ ಸಮಾಧಿಗೆಂದು ತೋಬಾ ಸರೋವರದ ದಂಡೆಯ ಊರಿಗೆ ಬಸ್ಸಿನಲ್ಲಿ ಆರು ಗಂಟೆ ಕೂತು ವರ್ಷ ವರ್ಷ ಹೋದೆ, ಅದು ದೂರ ಅನಿಸಲೇ ಇಲ್ಲ.

ಪೆನಾಂಗಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದಿದೆ, ಮುಳ್ಳು ತಿರುಗಿಸಿಕೊಳ್ಳಿ ಅಂತ ಮೈಕಿನಲ್ಲಿ ಅನ್ನುತ್ತಿದ್ದಾರೆ, ತಿರುಗಿಸುತ್ತೇನೆ, ಹತ್ತೂ ಇಪ್ಪತ್ತಕ್ಕೆ ಹೊರಟವಳು ಹನ್ನೆರಡೂ ಹತ್ತಕ್ಕೆ ಇಳಿಯುತ್ತೇನೆ, ಒಂದು ಗಂಟೆ ಯಾರ ಲೆಕ್ಕಕ್ಕೂ ಇಲ್ಲದೆ ನೀರಿಗೆ ಬಿತ್ತು, ಬೆಳಿಗ್ಗೆ ಪಾರ್ಲಿನ್ ಫೋನು ಮಾಡಿದ್ದ, ಅವನ ದನಿ ಕೇಳಿದ್ದೇ ಇವತ್ತು ಮೊದಲು, ಬೇಗ ಬನ್ನಿ ಅಕ್ಕ, ಡಾಕ್ಟ್ರು ಇವತ್ತೇ ಬರ್ಲಿ ಅಂದ್ರು, ನಾನು ಇವಳ ಪಕ್ಕ ಬಿಟ್ಟು ಏಳಲ್ಲ, ನೀವೇ ಟ್ಯಾಕ್ಸಿ ಹಿಡ್ಕೊಂಡು ಬಂದ್ಬಿಡಿ — ಎಷ್ಟು ಮೆತ್ತಗಿನ ದನಿ, ರಾಕ್ಷಸನಂತಿರುತ್ತಾನೆ ಅಂದುಕೊಂಡಿದ್ದೆನಲ್ಲ. ಚಕ್ರ ನೆಲಕ್ಕೆ ಬಡಿಯುತ್ತದೆ, ಮುದುಕ ಕಣ್ಣು ಮುಚ್ಚುತ್ತಾನೆ, ಸಾಲು, ಮುದ್ರೆ, ಮತ್ತೆ ಸಾಲು, ಡಬ್ಬೀಲಿ ಏನಮ್ಮ, ಮೀನು, ಯಾರಿಗೆ, ತಂಗಿಗೆ, ಹ್ಞೂಂ ಹೋಗಿ, ತಂಗಿಗೆ ಅಂದೆ, ಎಷ್ಟು ಸಲೀಸಾಗಿ ಬಂತು ಬಾಯಿಗೆ, ಅವಳೆದುರು ಮೊದಲು ಏನು ಹೇಳಲಿ, ತಪ್ಪಾಯ್ತು ಅನ್ನಲೇ, ಬೇಡ, ಬಾಯಿ ತೆಗಿ ಅಂತ ಒಂದು ತುತ್ತು ಇಡುತ್ತೇನೆ, ಮುಳ್ಳು ಬಿಡಿಸಿ. ಗಾಜಿನ ಬಾಗಿಲು ಸರಿಯುತ್ತದೆ, ಬಿಸಿ ಗಾಳಿ, ಟ್ಯಾಕ್ಸಿ ಎಲ್ಲಿ, ಹೆಸರು ಬರೆದ ಹಲಗೆಗಳ ನಡುವೆ ತೆಳ್ಳನೆಯ ಗಂಡಸೊಬ್ಬ, ಫೋಟೋದಲ್ಲಿ ನೋಡಿದ್ದ ಅಗಲ ಹಣೆ, ಪಾರ್ಲಿನ್, ಆದರೆ ಪಾರ್ಲಿನ್ ಇಲ್ಲಿ ಯಾಕೆ, ಪಕ್ಕ ಬಿಟ್ಟು ಏಳಲ್ಲ ಅಂದವನು, ಅಕ್ಕ ಅನ್ನುತ್ತಾನೆ, ಅವನ ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ, ಒಳಗೆ ಹೆಂಗಸಿನ ಚಪ್ಪಲಿ, ನೀಲಿ ಪಟ್ಟಿ, ಎಡಗಡೆಯದರ ಹಿಮ್ಮಡಿ ಸವೆದಿದೆ, ಚಿಕ್ಕಂದಿನಿಂದ ಅವಳು ಹಾಗೇ, ಎಡಗಾಲು ಒತ್ತಿ ನಡೆಯುವವಳು, ನೀಲಿ ಪಟ್ಟಿ, ಸವೆದ ಹಿಮ್ಮಡಿ, ನೀಲಿ ಪಟ್ಟಿಯ ಚಪ್ಪಲಿ, ಚಪ್ಪಲಿ