ಏಳನೇ ಪುಟ ಬಂದಾಗ ಚಹಾ

"ಖುರ್ಚಿ ಬಿಟ್ಟ ಕೆಳಗ ಕುಂದ್ರಬೇ. ನಿಮ್ಮ ಓಣ್ಯಾಗ ಯಾರ ಮನ್ಯಾಗ ಖುರ್ಚಿ ಅದಾವು?"

ಸಂಗ್ರಾಮ ಸರ್ ಹಾಗೆಂದ ಕೂಡಲೇ ಓಣಿಯಿಂದ ಪೇಶಂಟರನ್ನು ಕರೆತರುವ ಕೆಲಸದ ಸಾರಿಕಾ ಎದ್ದು ನೆಲದ ಮೇಲೆ ಕುಳಿತಳು. ನಿಪ್ಪಾಣಿಯ ಆ ಆಸ್ಪತ್ರೆಯ ಮಾಳಿಗೆಯಲ್ಲಿ ತರಬೇತಿಗೆ ಕುಳಿತಿದ್ದವರೆಲ್ಲ ನಕ್ಕರು. ನಗದವಳು ನರ್ಸ್ ಜಾಸ್ಮಿನ ಒಬ್ಬಳೇ. ಅವಳು ತನ್ನ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದಳು.

"ಈಕಿ ಈಗ ಪೇಶಂಟ್. ದಮ್ಮಿನ ಪೇಶಂಟ್. ಜಾತೀಲೆ ಮಹಾರ, ಕೆಲಸ ಬೀಡಿ ಕಟ್ಟೋದು. ಸೋಂಗ ಹಾಕಿ ನಟಸೋ ತ್ರಾಸ ಇಲ್ಲ, ಈಕಿ ಮೊದಲ ಹಂಗ ಅದಾಳ." ಮತ್ತೆ ನಗೆ. "ಜಾಸ್ಮಿನ, ನೀ ಸ್ಟಾಫ್. ಇಕಿನ್ನ ಟ್ರಯಲ್‌ಗೆ ಒಪ್ಪಸ, ನೋಡೂನು."

ಸಂಗ್ರಾಮ ನಿಪ್ಪಾಣಿಯಲ್ಲೇ ಹುಟ್ಟಿ ಪುಣೆಯ ಔಷಧ ಕಂಪನಿ ಸೇರಿದವನು. ದಮ್ಮಿಗೆ ಹೊಸ ಗುಳಿಗೆಯೊಂದನ್ನು ಜನರ ಮೇಲೆ ಪರೀಕ್ಷೆ ಮಾಡುವ ಕೆಲಸ ಆ ವರ್ಷ ಈ ಆಸ್ಪತ್ರೆಗೆ ಬಂದಿತ್ತು. ಗೋಡೆಯ ಮೇಲೆ ಒಂದು ತಖ್ತೆ ತೂಗುತ್ತಿತ್ತು. ಹೆಂಗಸರು ಇಷ್ಟು, ದಲಿತರು ಇಷ್ಟು, ಮುಸಲ್ಮಾನರು ಇಷ್ಟು.

"ಬರೀ ಪ್ಯಾಟಿ ಗಂಡಸರಿಗೆ ತಿನಸಿ ಔಷಧ ಮಾಡಿದ್ರ ಹೊರದೇಶದವ್ರು ಒಪ್ಪೂದಿಲ್ಲ. ಎಲ್ಲಾ ನಮೂನಿ ಮಂದಿ ಬೇಕು. ಅವರನ್ನ ಒಳಗ ತರೂದು ಅರ್ಧ ಕೆಲಸ. ಕಡೀತನಕ ಹಿಡಕೊಂಡ ಕೂಡಸೂದು ಪೂರಾ ಕೆಲಸ. ಹ್ಞಾ, ಶುರು ಮಾಡ."

ಜಾಸ್ಮಿನ ಒಪ್ಪಿಗೆ ಪತ್ರದ ಪುಟ ತಿರುವುತ್ತ ಹೋದಳು. ಏಳನೆಯದಕ್ಕೆ ಬಂದು ಓದಲು ಬಾಯಿ ತೆರೆದಳಷ್ಟೆ.

"ಏ ಏ ಏ! ಏಳನೇ ಪುಟ ಬಂತಂದ್ರ ಏನ ಮಾಡಬೇಕು?"

"ಚಹಾ ತರಸ್ಬೇಕ್ರಿ ಸರ್!" ಎಂದು ಎಲ್ಲರೂ ಕೂಡಿ ಕೂಗಿದರು.

"ಶಾಬ್ಬಾಸ. ಅವರ ಚಹಾ ಕುಡ್ಯೂದ್ರಾಗ ನೀವು ಎಂಟಕ್ಕ ಹಾರಬೇಕು. ಓದಬ್ಯಾಡ್ರಿ ಅಂತ ನಾ ಅಂದಿಲ್ಲ. ಚಹಾ ಕುಡಸ್ರಿ ಅಂದೀನಿ. ನೆಪ್ಪಿಟ್ಕೋರಿ."

ಅಷ್ಟರಲ್ಲಿ ಆಸ್ಪತ್ರೆಯ ಒಡೆಯ ಡಾಕ್ಟರ್ ವಿರುಪಾಕ್ಷಪ್ಪ ಒಳಗೆ ಬಂದರು. ಅವರ ಕೈಯಲ್ಲಿ ಒಂದು ಹಾಳೆ ಇತ್ತು.

"ಹದಿನಾಲ್ಕನೇ ನಂಬರಿನ ಮುದುಕಿ ಎಲ್ಲಿ ಸತ್ಲು? ಸಾರಿಕಾ, ನೀನ ಅಲ್ಲೇನ ತಂದಾಕಿ?"

ಹದಿನಾಲ್ಕನೇ ನಂಬರು ಎಂದರೆ ಸತ್ತೆವ್ವ, ಸಾರಿಕಾಳ ದೊಡ್ಡವ್ವ. ನಾಲ್ಕು ದಿನದಿಂದ ಹಾಸಿಗೆ ಹಿಡಿದಿದ್ದಳು.

"ಎದಿ ಭಾಳ ಬಡಕೊಳ್ಳಾಕತ್ತೈತ್ರಿ ಸಾಹೇಬ್ರ. ಮಾರಿ ಬಾತೈತಿ. ತಾವೊಮ್ಮೆ ನೋಡಿದ್ರ..."

"ಒಮ್ಮೆಕ್ಕ ಒಂಬತ್ತ ಗುಳಿಗಿ ನುಂಗ ಅಂತ ನಾ ಹೇಳಿದ್ನೇನ? ಅಡ್ನಾಡಿ ಮಂದಿ. ಮೊದಲ ಇದಕ್ಕ ಹೆಬ್ಬಟ್ಟ ಒತ್ತಿಸ್ಕೊಂಡ ಬಾ. ಆಮ್ಯಾಲ ನಾಡಿ ನೋಡ್ತೀನಿ. ನಾಳೆ ಮುಂಜಾನೆದ್ದ ಈ ಹಾಳಿ ಬರಲಿಲ್ಲಂದ್ರ, ನೀನೂ ಅಕಿ ಮಗ್ಗಲಕ್ಕ ಕುಂತ ಬೀಡಿ ಕಟ್ಟ."

ಹಾಳೆ ಹಾರಿ ಬಂದು ನೆಲದ ಮೇಲೆ ಕುಳಿತಿದ್ದ ಅವಳ ಮಡಿಲಿಗೆ ಬಿತ್ತು. 'ನನ್ನ ಸ್ವಂತ ತಪ್ಪಿನಿಂದ ಹೆಚ್ಚು ಗುಳಿಗೆ ಸೇವಿಸಿದ್ದೇನೆ. ಇದಕ್ಕೂ ಆಸ್ಪತ್ರೆಗೂ ಸಂಬಂಧವಿಲ್ಲ. ಪರೀಕ್ಷೆಯಲ್ಲಿ ಮುಂದುವರಿಯಲು ಒಪ್ಪಿದ್ದೇನೆ.'

ಅವ್ವ ತೀರಿಕೊಂಡ ಮೇಲೆ ಏಳನೇ ಇಯತ್ತೆಗೆ ಸಾಲೆ ಬಿಟ್ಟ ಸಾರಿಕಾ, ಸತ್ತೆವ್ವನ ಎದುರಿಗೆ ಕುಳಿತು ಬೀಡಿ ಎಲೆ ಕತ್ತರಿಸುತ್ತ ಬೆಳೆದವಳು. ಮಾತು ಕಡಿಮೆ. ಕಂಡದ್ದನ್ನು ಮಾತ್ರ ಮರೆಯುವವಳಲ್ಲ. ಬೀಡಿ ತಪಾಸ ಮಾಡುವ ಕಾರಕೂನ ಕಟ್ಟಿನಲ್ಲಿ ಒಂದು ಬೀಡಿ ಕಡಿಮೆ ಬಂದರೂ "ಛಾಟ!" ಎಂದು ತಿರಸ್ಕರಿಸಿ ಇಡೀ ಕಟ್ಟನ್ನೇ ಸತ್ತೆವ್ವನ ಮಾರಿಗೆ ಎಸೆಯುತ್ತಿದ್ದ. ಅದಕ್ಕೇ ಓಣಿಯ ಹೆಂಗಸರು ಲೆಕ್ಕ ಕಡಿಮೆಯಾದರೆ ನೆರೆಮನೆಯಿಂದ ಕೈಗಡ ತಂದಾದರೂ ಬರೋಬರಿ ಮಾಡಿಯೇ ತಪಾಸಿಗೆ ಹೋಗುವರು.

ಆಸ್ಪತ್ರೆಯಲ್ಲೂ ತಿಂಗಳಿಗೊಮ್ಮೆ, ಗುಳಿಗೆ ಬಿಡಿಸಿ ತಿಂದ ಮೇಲೆ ಉಳಿಯುವ ಖಾಲಿ ಚೀಟಿ ಎಣಿಸುತ್ತಿದ್ದರು. ಗುಳಿಗೆ ತಿಂದ ದಿನ ಸತ್ತೆವ್ವನ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಕಟ್ಟಿದ ಬೀಡಿಯೆಲ್ಲ ಛಾಟ. ಸಾರಿಕಾಳಿಗೆ ಹೇಳಿದಾಗ ಅವಳು ಮೊದಲ ತರಬೇತಿಯಲ್ಲಿ ಕಲಿಸಿದ್ದನ್ನೇ ಹೇಳಿದ್ದಳು: "ಅದು ಎಲ್ಲಾರಿಗೂ ಆಗತೈತಿ ದೊಡ್ಡವ್ವ, ಬಿಡಬ್ಯಾಡ." ಅಂದಿನಿಂದ ಸತ್ತೆವ್ವ ಕೆಲಸದ ದಿನ ಗುಳಿಗೆ ನುಂಗುವುದನ್ನು ಬಿಟ್ಟಳು. ತಿಂಗಳು ತುಂಬಿದಾಗ ಒಂಬತ್ತು ಉಳಿದಿದ್ದವು. ತಪಾಸಿನ ದಿನ ಮುಂಜಾನೆ ಒಂಬತ್ತನ್ನೂ ಒಂದು ತಂಬಿಗೆ ನೀರಿನಲ್ಲಿ ನುಂಗಿ ಲೆಕ್ಕ ಬರೋಬರಿ ಮಾಡಿ ಬಂದಿದ್ದಳು.

ಸಂಜೆ ಸಾರಿಕಾ ಹೋದಾಗ ಸತ್ತೆವ್ವ ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದಳು. ಪಕ್ಕದ ಮನೆಯ ಕೆಂಚವ್ವ ಬೆನ್ನು ತಿಕ್ಕುತ್ತಿದ್ದಳು. ಸಾರಿಕಾಳ ಕೈಯಲ್ಲಿ ಮಸಿಪ್ಯಾಡು ನೋಡಿದ್ದೇ ಸತ್ತೆವ್ವನ ಕಣ್ಣು ಕೆಂಪಾದವು.

"ಡಾಕ್ಟರ ಬರಲಿಲ್ಲ, ಮಸಿ ಬಂತೇನ? ಅಂವಾ ಹಾಟ್ಯಾನಮಗ ಏನ ಬರದಾನ? ಓದ."

ಸಾರಿಕಾ ಓದಿದಳು.

"ನಂದ ತಪ್ಪಂತ? ಮೊದಲನೇ ಕಾಗದದಾಗೂ ಹಿಂಗ ಇತ್ತೇನ?"

ಮೊದಲನೆಯದರಲ್ಲಿ ಏನಿತ್ತೆಂದು ಸಾರಿಕಾಳಿಗೇ ಗೊತ್ತಿರಲಿಲ್ಲ. ಗೀಟು ಹಾಕಿದಲ್ಲಿ ಹೆಬ್ಬೆರಳು ಹಿಡಿದು ಒತ್ತಿಸು ಎಂದಿದ್ದರು, ಒತ್ತಿಸಿದ್ದಳು. ಈಗ ಅದನ್ನು ಹುಡುಕಿದರೆ ಬೀಡಿ ಎಲೆಯ ಮೊರದ ಕೆಳಗೆ ಸಿಕ್ಕಿತು, ಅಂಚಿಗೆಲ್ಲ ಜರ್ದಾ ಮೆತ್ತಿಕೊಂಡು. ಅಚ್ಚ ಕನ್ನಡದಲ್ಲಿ ಅಚ್ಚಾಗಿತ್ತು. ಅವಳು ಏಳನೇ ಪುಟ ತೆಗೆದಳು.

"'ನೀವು ಯಾವಾಗ ಬೇಕಾದರೂ, ಯಾವ ಕಾರಣವನ್ನೂ ಕೊಡದೆ, ಈ ಪರೀಕ್ಷೆಯನ್ನು ಬಿಡಬಹುದು. ಇದರಿಂದ ನಿಮಗೆ ಯಾವುದೇ ಅಪಾಯವಾದರೆ ಪೂರ್ತಿ ಚಿಕಿತ್ಸೆಯನ್ನು ಕಂಪನಿಯೇ...'"

ಸತ್ತೆವ್ವ ಆ ಪುಟದ ಮೇಲೆ ಬೆರಳಿಟ್ಟಳು.

"ಇದನ್ಯಾಕ ಅವತ್ತ ಓದ್ಲಿಲ್ಲ?"

"ಚಹಾ ಕೊಟ್ಟಿದ್ವಿ ದೊಡ್ಡವ್ವ."

"ಥೂ ನಿನ್ನ! ನನ್ನ ಮಡಲಾಗ ಬೆಳದಾಕಿ ನೀ." ಉಗುಳು ಸಾರಿಕಾಳ ಪಾದದ ಹತ್ತಿರ ಬಿತ್ತು. ಅವಳು ಕಾಲು ಹಿಂದೆ ತೆಗೆಯಲಿಲ್ಲ.

ಕೆಂಚವ್ವ ಮೆಲ್ಲಗೆ ಬಾಯಿಬಿಟ್ಟಳು. "ನನ್ನ ಕೈನೂ ನಡಗತಾವಬೇ. ನಾ ಗುಳಿಗಿ ಗಟಾರಕ್ಕ ಒಗ್ಯಾಕತ್ತೀನಿ. ಛಾಟ ಹಾಕ್ತಾರಂತ ಅಂಜಿ ಬರೇ ಚೀಟಿ ಒಯ್ದ ಕೊಡ್ತೀನಿ."

ಬಾಗಿಲಲ್ಲಿ ನಿಂತಿದ್ದ, ಅದೇ ಗುಳಿಗೆ ತಿನ್ನುವ ಓಣಿಯ ಮತ್ತೆ ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಮರುದಿನ ಮುಂಜಾನೆ ತರಬೇತಿ ಶುರುವಾಗಿತ್ತು. "ಹದಿನಾಲ್ಕನೇ ನಂಬರನ್ನ ಹೆಂಗ ವಾಪಸ್ ತಂದ್ಲು ಅಂತ ಸಾರಿಕಾ ಈಗ ತೋರಸ್ತಾಳ," ಎಂದು ಸಂಗ್ರಾಮ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಸಾರಿಕಾಳ ಹಿಂದೆ ಐವರು ಹೆಂಗಸರಿದ್ದರು. ಸತ್ತೆವ್ವನನ್ನು ಇಬ್ಬರು ತೋಳು ಹಿಡಿದು ಮೆಟ್ಟಿಲು ಹತ್ತಿಸಿ ತಂದಿದ್ದರು. ಅವಳ ತುಟಿಗಳು ನೇರಳೆಯ ಬಣ್ಣಕ್ಕೆ ತಿರುಗಿದ್ದವು. ಮುಂದಿನ ಸಾಲಿನಲ್ಲಿ ಐದು ಖುರ್ಚಿ ಖಾಲಿ ಇದ್ದವು. ಐವರೂ ಕುಳಿತರು.

"ಏ, ಯಾರ ಬಿಟ್ರು ಇವರನ್ನ ಮ್ಯಾಲ? ಕೆಳಗ ಕುಂದರ್ರಿ, ಕೆಳಗ!"

ಯಾರೂ ಏಳಲಿಲ್ಲ. ಕೆಂಚವ್ವ ಉಡಿಯಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ಹೊಸ ತಿಂಗಳಿಗೆ ಐವರಿಗೂ ಕೊಟ್ಟಿದ್ದ, ತಿನ್ನದೆ ಉಳಿದ ಗುಳಿಗೆಯ ಚೀಟಿಗಳು, ಬೀಡಿಯ ಕಟ್ಟಿನಂತೆಯೇ ಕೆಂಪು ದಾರ ಸುತ್ತಿ ಬಿಗಿದಿದ್ದವು.

"ಛಾಟ್ರಿ," ಎಂದಳು. "ನಾವ ತಪಾಸ ಮಾಡೀವಿ. ಎಲ್ಲಾ ಛಾಟ."

"ಸಾರಿಕಾ! ಹಾಳಿ ಎಲ್ಲಿ?" ವಿರುಪಾಕ್ಷಪ್ಪ ಗದರಿಸಿದರು.

ಸಾರಿಕಾ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಹೆಬ್ಬಟ್ಟಿನ ಜಾಗ ಖಾಲಿ ಇತ್ತು. ಆಮೇಲೆ ಜರ್ದಾ ಮೆತ್ತಿದ ಆ ಇನ್ನೊಂದು ಕಾಗದವನ್ನು ಬಿಚ್ಚಿ, ತಲೆ ಎತ್ತದೆ, ಏಳನೇ ಪುಟ ಓದತೊಡಗಿದಳು. ದನಿ ಮೊದಲ ಸಾಲಿನ ಖುರ್ಚಿಗಳಾಚೆ ಹೋಗುತ್ತಿರಲಿಲ್ಲ.

"ಚಹಾ! ಏ ಚಹಾ ತರ್ರಿ ಲಗೂನ!" ಸಂಗ್ರಾಮ ಕೂಗಿದ.

ಚಹಾ ಬಂತು. ಮೊದಲ ಕಪ್ಪನ್ನು ಸತ್ತೆವ್ವನ ಕೈಗೆ ತುರುಕಿದರು. ಬಸಿಯ ಮೇಲೆ ಕಪ್ಪು ಕಟಕಟ ಕುಣಿಯಿತು. ಇಡೀ ಮಾಳಿಗೆಗೆ ಆ ಸಪ್ಪಳ ಕೇಳಿಸಿತು. ಅವಳು ಅದನ್ನು ಹೆಬ್ಬಟ್ಟು ಬೀಳದ ಹಾಳೆಯ ಮೇಲೆ ಇಟ್ಟಳು. ಅರ್ಧ ಚಹಾ ಚೆಲ್ಲಿ ಅಕ್ಷರಗಳು ನೆನೆದವು.

"ಜೋರಲೆ ಓದ," ಎಂದಳು ಸತ್ತೆವ್ವ, ಒಂದೊಂದೇ ಉಸಿರಿಗೆ ಒಂದೊಂದೇ ಮಾತು ತೆಗೆದು. "ನಾ ಇನ್ನಾ... ಕೇಳಾಕತ್ತೀನಿ."

ಕೆಳಗಿನ ವಾರ್ಡಿನಲ್ಲಿ ಪರೀಕ್ಷೆಯ ಉಳಿದ ನಂಬರಿನವರು ಸರದಿಗೆ ಕಾಯುತ್ತಿದ್ದರು. ಜಾಸ್ಮಿನ ಎದ್ದು ಹೋಗಿ ಮೆಟ್ಟಿಲ ಕಡೆಯ ಬಾಗಿಲನ್ನು ಪೂರ್ತಿ ತೆರೆದು, ಅದು ಮತ್ತೆ ಮುಚ್ಚದಂತೆ ತನ್ನ ಖುರ್ಚಿಯನ್ನೇ ಅಡ್ಡ ಇಟ್ಟಳು. ಸಾರಿಕಾ ಪುಟದ ಮೇಲಿನ ಸಾಲಿನಿಂದ ಮತ್ತೆ ಶುರು ಮಾಡಿದಳು.